ಮಾರಿಕುಪ್ಪಂ ಅಂಜೂರದ ಹುಳಿ

ಬೂದಿಕೋಟೆ
17 ಏಪ್ರಿಲ್ 2025

ಚಿರಂಜೀವಿ ಲಿಖಿತಳಿಗೆ ನಿನ್ನ ಸೋದರಮಾವ ಚಲಪತಿಯ ಆಶೀರ್ವಾದ.

ಮೊದಲು ಒಂದು ಸುದ್ದಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೀ ನಾಲಗೆಯಿಂದ ಹಣ್ಣಿನ ಊರು, ಮರದ ವಯಸ್ಸು, ಮಾಲೀಕನ ಜಾತಕ ಹೇಳಬಲ್ಲವರು ಈ ಭೂಮಂಡಲದಲ್ಲಿ ಇಬ್ಬರೇ ಇದ್ದರು. ಒಬ್ಬ ಪರ್ಷಿಯಾ ದೇಶದವನು, ಹೋದ ವರ್ಷ ತೀರಿಕೊಂಡ. ಉಳಿದವನು ನಾನು. ಮೊನ್ನೆ ದೆಹಲಿಯಿಂದ ಮೂವರು ವಿಜ್ಞಾನಿಗಳು ವಿಮಾನದಲ್ಲಿ ಬಂದು, ನೇರವಾಗಿ ಬೂದಿಕೋಟೆ ಬಸ್‌ಸ್ಟ್ಯಾಂಡಿನಲ್ಲೇ ಇಳಿದು, ನನ್ನ ನಾಲಗೆಯ ಉದ್ದ ಅಗಲ ಅಳತೆ ಮಾಡಿಕೊಂಡು ಹೋದರು. ಊರಿನವರು ಯಾರೂ ನೋಡಲಿಲ್ಲ, ಎಲ್ಲರೂ ಡೈರಿಗೆ ಹಾಲು ಹಾಕಲು ಹೋಗಿದ್ದರು. ನಿನ್ನ ಕಾಗದಕ್ಕೆ ಉತ್ತರ ಒಂದು ತಿಂಗಳು ತಡವಾದದ್ದಕ್ಕೆ ಇದೇ ಕಾರಣ. ಬೇರೆ ಏನೂ ಇಲ್ಲ. ಮನ್ನಿಸು.

ಫೋನಿನಲ್ಲೇ ಹೇಳಿಬಿಡುತ್ತೇನೆ ಅಂದರೆ ನೀನು, "ಬೇಡ ಮಾವ, ಮರ ಬಲ್ಲವರ ಕೈಬರಹದಲ್ಲೇ ಬೇಕು ಅಂದಿದಾರೆ ನಮ್ ಮೇಷ್ಟ್ರು" ಅಂದೆ. ನಿಮ್ಮ ಮೇಷ್ಟ್ರು ಬುದ್ಧಿವಂತರು. ನಾನು ಏಳನೇ ಕ್ಲಾಸಿನವರೆಗೆ ಮಾತ್ರ ಓದಿದವನು. ಅಷ್ಟಕ್ಕೇ ಇಷ್ಟು ಚೆನ್ನಾಗಿ ಬರೆಯುತ್ತೇನೆ ಅನ್ನುವುದನ್ನು ಅವರಿಗೆ ತೋರಿಸು. ಬಾಗಲಕೋಟೆಯ ನಿಮ್ಮ ತೋಟಗಾರಿಕೆ ಕಾಲೇಜಿನ ಹುಡುಗಿಯರಿಗೂ ಓದಿ ಹೇಳು.

ಅಂಜೂರದ ಮರದ ಬಗ್ಗೆ ನೀನು ಕಳಿಸಿದ ಪ್ರಶ್ನೆಗಳ ಹಾಳೆ ಜೇಬಿನಲ್ಲಿಟ್ಟುಕೊಂಡು ಬಂಗಾರಪೇಟೆಗೆ ಹೋಗಿ ಮಾರಿಕುಪ್ಪಂ ರೈಲು ಹಿಡಿದೆ. ನಿನ್ನ ಅತ್ತೆಯ ತವರುಮನೆಗೆ ಹೋಗಿ ಒಂದು ವರ್ಷವಾಗಿತ್ತು. ಚಿನ್ನದ ಗಣಿ ಕಾರ್ಮಿಕರ ಸಾಲುಮನೆ ಲೈನಿನ ಆ ಮನೆ ಈಗ ಬೀಗ ಹಾಕಿದೆ. ಮಾಡಿನ ತಗಡು ಒಂದು ಕಡೆ ಬಿಟ್ಟುಕೊಂಡಿದೆ. ಮರ ಮಾತ್ರ ಹಿತ್ತಲಲ್ಲಿ ಹಾಗೆಯೇ ಇದೆ. ಪಕ್ಕದ ಮನೆಯ ಅಮ್ಮಾಜಮ್ಮ ಅದಕ್ಕೂ ತಮ್ಮ ಗೋಡೆಗೂ ಹಗ್ಗ ಕಟ್ಟಿ ಸೀರೆ ಒಣಗಿಸುತ್ತಾರೆ. ನನ್ನನ್ನು ಕಂಡವರೇ, "ವಾ ಮಾಪ್ಳೆ, ಈಗ ನೆನಪಾಯ್ತಾ ನಮ್ ಲೈನು?" ಅಂದರು. ಸೆಲ್ವಿಯ ಗಂಡ ಅಂತ ಆ ಲೈನಿಗೆಲ್ಲ ನಾನು ಅಳಿಯ, ಅವರ ಮಾತಿನಲ್ಲಿ ಮಾಪ್ಳೆ. ಅರವತ್ತೆರಡು ವರ್ಷವಾದರೂ ಮಾಪ್ಳೆಯೇ.

ಮರದ ಕಥೆ ನಿನ್ನ ಹಾಳೆಯಲ್ಲಿ ಮೊದಲ ಪ್ರಶ್ನೆ. ಬರೆದುಕೋ. ನಿನ್ನ ಅತ್ತೆಯ ತಾತ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಮಾಲಿ. ದೊರೆ ಸೀಮೆಗೆ ವಾಪಸ್ ಹೊರಟ ದಿನ ತಾತ ಬಂಗಲೆಯ ಮರದಿಂದ ಒಂದು ಕೊಂಬೆ ಮುರಿದುಕೊಂಡರು. ಗೇಟಿನಲ್ಲಿ ಕಾವಲುಗಾರ ಕೇಳಿದ್ದಕ್ಕೆ "ಊರುಗೋಲು" ಅಂದು ಕುಂಟುತ್ತಾ ಆಚೆ ಬಂದರಂತೆ. ಆ ಊರುಗೋಲನ್ನೇ ಹಿತ್ತಲಲ್ಲಿ ನೆಟ್ಟರು. ಅದು ಚಿಗುರಿತು. ಕಾವಲುಗಾರ ಅದೇ ದಾರಿಯಲ್ಲಿ ಓಡಾಡುತ್ತಿದ್ದನಾದ್ದರಿಂದ ತಾತ ಇನ್ನೂ ಮೂರು ತಿಂಗಳು ಕುಂಟಬೇಕಾಯಿತು. ಬಂಗಲೆಯೂ ಇಲ್ಲ, ಅದರ ಮರವೂ ಇಲ್ಲ. ಇದೊಂದು ಕದ್ದ ಮರ ಉಳಿದಿದೆ. ಯಾವ ಜಾತಿ ಅಂತ ಆ ದೊರೆಗೂ ಗೊತ್ತಿತ್ತೋ ಇಲ್ಲವೋ.

ಎಲೆಗೆ ಐದು ಸೀಳು. ನಡುವಿನ ಸೀಳು ಉದ್ದ, ಅಂಗೈಯಲ್ಲಿ ನಡುಬೆರಳು ಇದ್ದ ಹಾಗೆ. ಮೇಲ್ಗಡೆ ಒರಟು, ಪಾತ್ರೆ ತಿಕ್ಕಬಹುದು. ಹಳೆ ಪೇಪರಿನಲ್ಲಿ ಒತ್ತಿಟ್ಟ ಹನ್ನೆರಡು ಎಲೆ ಇದರ ಜೊತೆಗಿವೆ. ಹಣ್ಣು ಗುಂಡಗೆ, ಕತ್ತು ಗಿಡ್ಡ, ನಿನ್ನ ಅಪ್ಪನ ಕತ್ತಿನ ಹಾಗೆ. ಸಿಪ್ಪೆ ಹಣ್ಣಾದರೂ ಕೆಂಪಾಗುವುದಿಲ್ಲ, ಹಸಿರಿನಿಂದ ತಿಳಿ ಹಳದಿಗೆ ತಿರುಗಿ ನಿಲ್ಲುತ್ತದೆ. ತಳದ ಕಣ್ಣು ಮುಚ್ಚಿಕೊಂಡಿರುತ್ತದೆ, ಇರುವೆಗೆ ಒಳಗೆ ದಾರಿ ಇಲ್ಲ. ಕೊಯ್ದರೆ ಒಳಗೆ ಬೆಲ್ಲದ ಪಾಕದ ಬಣ್ಣ. ಬಂಗಾರಪೇಟೆಯ ಗಾಡಿಗಳಲ್ಲಿ ಸಿಗುವ ಪೂನಾ ಅಂಜೂರದ ಒಳಗು ಕೆಂಪು, ಇದು ಅದಲ್ಲ.

ಇನ್ನು ರುಚಿ. ಹಣ್ಣು ಅಷ್ಟು ದೂರ ಬಾಗಲಕೋಟೆಗೆ ಬರುವಷ್ಟರಲ್ಲಿ ಕೊಳೆತುಹೋಗುತ್ತದೆ, ಆದ್ದರಿಂದ ರುಚಿಗೆ ನಿಮ್ಮ ನಾಲಗೆಯೇ ಸಾಕ್ಷಿ ಅಂತ ಬರೆದಿದ್ದೀಯ. ಸರಿಯಾದ ಕಡೆಗೇ ಬಂದಿದ್ದೀಯ. ಬಂಗಾರಪೇಟೆಯ ಮಂಡಿಯಲ್ಲಿ ಮೂವತ್ತು ವರ್ಷ ಮಾವು, ಹುಣಸೆ, ಬೆಲ್ಲ ನಾಲಗೆಯ ಮೇಲಿಟ್ಟು ಇದು ಇಂಥ ಊರಿನದು, ಇಂಥ ದರ್ಜೆ ಅಂತ ಹೇಳಿದವನು ನಾನು. ಮಾರಿಕುಪ್ಪಂ ಅಂಜೂರ ಸಿಹಿ. ಜೇನಿನ ಸಿಹಿ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಸಿಹಿ. ಹುಳಿ ಒಂದು ಸಾಸಿವೆ ಕಾಳಿನಷ್ಟೂ ಇಲ್ಲ. ರುಚಿಗೆ ಒಂಬತ್ತಕ್ಕೆ ಎಷ್ಟು ಅಂಕ ಅಂತ ಕೇಳಿದ್ದೀಯ. ಒಂಬತ್ತು ಹಾಕು. ಹತ್ತು ಹಾಕಲು ಜಾಗವಿದ್ದರೆ ಹತ್ತು ಹಾಕು.

ಬರುವಾಗ ಒಂದು ಪುಟ್ಟಿ ಹಣ್ಣು ತಂದೆ. ಬಂಗಾರಪೇಟೆ ಸ್ಟೇಷನ್ ಎದುರು ಹಣ್ಣಿನ ಗಾಡಿಯ ವೆಂಕಿ ಇದ್ದಾನಲ್ಲ, ಅವನು, "ಏನ್ ಚಲಪತಣ್ಣ, ನಿನ್ ನಾಲ್ಗೆ ಇನ್ನೂ ಡ್ಯೂಟಿ ಮಾಡ್ತೈತಾ, ರಿಟೇರ್ ಆಯ್ತಾ?" ಅಂದ. ಬಾಜಿ ಕಟ್ಟಿದೆವು. ಕಣ್ಣಿಗೆ ಟವೆಲ್ ಕಟ್ಟಿದರು. ಗೆದ್ದೆ. ಜನ ಚಪ್ಪಾಳೆ ತಟ್ಟಿದರು. ಹೆಚ್ಚು ಬರೆದರೆ ಜಂಬ ಅಂತೀಯ.

ಹಸು ಚೆನ್ನಾಗಿದೆ. ಕರು ಹಾಕಲು ಎರಡು ತಿಂಗಳಿದೆ. ನಿನ್ನ ಅಮ್ಮ ಕಾಮಸಮುದ್ರದಿಂದ ಹೋದ ವಾರ ಬಂದು ಮನೆಯೆಲ್ಲ ಗುಡಿಸಿ ಹೋದಳು. ಪಕ್ಕದ ಮನೆಯ ಅಕ್ಕಯ್ಯಮ್ಮನ ಕೈಲಿ ಒಂದು ದಿನ ನನ್ನ ಸಾರಿನ ರುಚಿ ನೋಡಿಸಿದೆ, ಥೂ ಅಂತ ಉಗಿದು, "ಸಮುದ್ರಾನೇ ಕಾಯ್ಸಿಟ್ಟಿದೀಯಲ್ಲೋ" ಅಂದಳು. ಈಗೀಗ ಮನೆಯಲ್ಲಿ ಉಪ್ಪಿನ ಖರ್ಚು ಸ್ವಲ್ಪ ಹೆಚ್ಚು.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಆಯಸ್ಸು ಆ ಮರದಷ್ಟಾಗಲಿ.

ನಿನ್ನ ಮಾವ,
ಚಲಪತಿ

ಮರೆತ ಮಾತು: ನನ್ನ ತುಟಿ ಊದಿಕೊಂಡಿದೆ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದರೆ ನಂಬಬೇಡ. ಇಪ್ಪತ್ತೆರಡು ಹಣ್ಣು ಒಟ್ಟಿಗೆ ತಿಂದರೆ ಯಾರಿಗಾದರೂ ಊದುತ್ತದೆ.

*

ಬೂದಿಕೋಟೆ
22 ಮೇ 2025

ಚಿರಂಜೀವಿ ಲಿಖಿತಳಿಗೆ,

ಮಾವನ ಆಶೀರ್ವಾದ. ನಿನ್ನ ಕಾಗದ ಬಂದು ಹದಿನಾರು ದಿನವಾಯಿತು. ಈ ಸಲದ ತಡಕ್ಕೆ ವಿಜ್ಞಾನಿಗಳು ಯಾರೂ ಕಾರಣರಲ್ಲ.

ಎಲೆ, ಸಿಪ್ಪೆ, ಕಣ್ಣು ಎಲ್ಲ ನೋಡಿ ನಿಮ್ಮ ಮೇಷ್ಟ್ರು ಎರಡು ಜಾತಿಗಳ ನಡುವೆ ಬಂದು ನಿಂತಿದ್ದಾರೆ, ನೋಡಲು ಎರಡೂ ಒಂದೇ ಥರ, ನುಂಗಿದ ಮೇಲೆ ಹುಳಿ ಉಳಿದರೆ ಒಂದು, ಉಳಿಯದಿದ್ದರೆ ಇನ್ನೊಂದು, ಎಂದು ಬರೆದಿದ್ದೀಯ. ನಿಮ್ಮ ಮಾವನವರ ಮಾತಿನ ಮೇಲೆ ಹುಳಿ ಇಲ್ಲದ ಜಾತಿ ಅಂತಲೇ ದಾಖಲೆ ಮಾಡುತ್ತೇನೆ, ಒಂದು ಸಲ ದಾಖಲೆಯಾದರೆ ಅದೇ ಆಯಿತು, ಅಂದರಂತೆ. ಅದರ ಕೆಳಗೆ ನೀನು ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿದೆ. "ಮಾವ, ಚಿಕ್ಕಂದಿನಲ್ಲಿ ಅತ್ತೆ ತಿನ್ನಿಸಿದಾಗ ನಾನು ಹುಳಿ ಅಂತ ಮುಖ ಕಿವುಚಿದ ನೆನಪು. ತಪ್ಪಿರಬಹುದು."

ತಪ್ಪಿಲ್ಲ ಮಗಳೇ.

ಮೇಷ್ಟ್ರಿಗೆ ದಾಖಲೆ ಮಾಡಬೇಡಿ ಅಂತ ಹೇಳು. ಹೇಳಿದ ಮೇಲೆ ಮುಂದಕ್ಕೆ ಓದು.

ನನಗೆ ರುಚಿ ಗೊತ್ತಾಗುವುದಿಲ್ಲ. ಆರು ತಿಂಗಳಾಯಿತು. ಕಾರ್ತಿಕದಲ್ಲಿ ನಿನ್ನ ಅತ್ತೆ ಹೋದಳಲ್ಲ, ಆ ಬೆಳಗ್ಗೆ ಹಾಲು ಕರೆದು ಕ್ಯಾನ್ ನನ್ನ ಕೈಗೆ ಕೊಟ್ಟು, ಸ್ವಲ್ಪ ಕೂರುತ್ತೇನೆ ಅಂದಳು. ಕೂತಳು. ನಾನು ಡೈರಿಗೆ ಹೋಗಿ ಬಂದೆ. ಹಾಗೇ ಕೂತಿದ್ದಳು. ನಾನು ಕ್ಯಾನ್ ತೊಳೆದು ಬೋರಲು ಹಾಕಿದೆ. ಹಸುವಿಗೆ ನೀರಿಟ್ಟೆ. ಆಮೇಲೆ ಅಕ್ಕಯ್ಯಮ್ಮನನ್ನು ಕೂಗಿದೆ. ಅವನು ಕಣ್ಣಲ್ಲಿ ಒಂದು ಹನಿ ಹಾಕಲಿಲ್ಲ ಅಂತ ನಿನ್ನ ಅಮ್ಮ ಈಗಲೂ ಅನ್ನುತ್ತಾಳೆ. ನಿಜ. ಹಾಕಲಿಲ್ಲ.

ಹನ್ನೊಂದನೇ ದಿನ ಪಾಯಸ ಬಡಿಸಿದರು. ಬಿಸಿ ಗೊತ್ತಾಯಿತು, ಗಟ್ಟಿ ಗೊತ್ತಾಯಿತು, ಸಿಹಿ ಗೊತ್ತಾಗಲಿಲ್ಲ. ಅಡುಗೆಯವನು ಬೆಲ್ಲ ಮರೆತಿದ್ದಾನೆ ಅಂದುಕೊಂಡೆ. ಪಕ್ಕದಲ್ಲಿ ಕೂತವನು ಎರಡು ಸಲ ಹಾಕಿಸಿಕೊಂಡ. ಆಮೇಲೆ ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿಂದು ನೋಡಿದೆ. ನೀರಿನ ಹಾಗೆ ಬಣ್ಣವಿಲ್ಲದ ಅಲ್ಲಿಯ ಪಾನಿ ಕುಡಿದರೆ ಕಿವಿಯಲ್ಲಿ ಹೊಗೆ ಬರಬೇಕು. ನಾಲ್ಕು ಪ್ಲೇಟು ತಿಂದೆ. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಬಾಯಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಕೋಲಾರದ ಡಾಕ್ಟರು ಟಾರ್ಚ್ ಹಾಕಿ ನೋಡಿ, ನಾಲಗೆ ಚೆನ್ನಾಗಿದೆ, ಬರುತ್ತೆ ಬಿಡಿ, ಅಂದರು. ಯಾವಾಗ ಅಂತ ನಾನು ಕೇಳಲಿಲ್ಲ. ಬರದಿದ್ದರೂ ಏನು ಅನ್ನಿಸಿತು. ಉಣ್ಣುವುದು ಒಂದು ಕೆಲಸ, ಸಗಣಿ ಬಾಚುವ ಹಾಗೆ. ಮಾಡಿ ಮುಗಿಸುತ್ತೇನೆ.

ಹೀಗಿರುವಾಗ ನಿನ್ನ ಪ್ರಶ್ನೆಗಳ ಹಾಳೆ ಬಂತು. ಮಂಡಿಯಲ್ಲಿ ಮೂವತ್ತು ವರ್ಷ ಕೂತವನು, ನನಗೆ ರುಚಿ ತಿಳಿಯದು ಅಂತ ಹೇಗೆ ಬರೆಯಲಿ? ಏಪ್ರಿಲ್‌ನಲ್ಲಿ ಮರದ ಕೆಳಗೆ ನಿಂತು ಕಿತ್ತು ಕಿತ್ತು ತಿಂದೆ. ಒಂದರಲ್ಲಾದರೂ ಏನಾದರೂ ಇರುತ್ತದೇನೋ ಅಂತ ತಿಂದೆ. ಹಣ್ಣಿನ ತೊಟ್ಟಿನಿಂದ ಹಾಲು ಸೋರುತ್ತದೆ, ಅದು ತುಟಿ ಸುಡುತ್ತದೆ. ಸುಟ್ಟದ್ದು ನನಗೆ ತಿಳಿದದ್ದು ಮನೆಗೆ ಬಂದು ಕನ್ನಡಿ ನೋಡಿದಾಗ.

ಬಾಜಿ ನಾನು ಗೆಲ್ಲಲಿಲ್ಲ. ಸೋತೆ. ಅದನ್ನೂ ಬರೆದುಬಿಡುತ್ತೇನೆ. ಎದುರಿಗೆ ನಾಲ್ಕು ಜನ ನಿಂತರೆ ನಾಲಗೆ ಹಳೆಯ ರೋಷಕ್ಕೆ ಎದ್ದು ಕೂರುತ್ತದೆ ಅಂದುಕೊಂಡಿದ್ದೆ. ವೆಂಕಿ ಟವೆಲ್ ಕಟ್ಟಿದ. ಸಿಪ್ಪೆ ಸುಲಿದ ಮೂರು ತುಂಡು ಒಂದಾದ ಮೇಲೆ ಒಂದು ಬಾಯಿಗಿಟ್ಟ. ಅದರಲ್ಲಿ ನಮ್ಮ ಮರದ್ದು ಯಾವುದು ಅಂತ ಹೇಳಬೇಕು. ಮೂರೂ ಮೆತ್ತಗಿದ್ದವು, ಮೂರರಲ್ಲೂ ಸಣ್ಣ ಬೀಜ ಹಲ್ಲಿಗೆ ಸಿಕ್ಕಿತು. ಬೇರೆ ವ್ಯತ್ಯಾಸ ಕಾಣಲಿಲ್ಲ. ಮೂರನೆಯದಕ್ಕೆ ಜನ ಸುಮ್ಮನಾದರು. ಅದೇ ಇರಬೇಕು ಅಂದುಕೊಂಡು ತೊಡೆ ತಟ್ಟಿದೆ.

"ಇದೇ ಕಣ್ರೋ ನಮ್ ಸೆಲ್ವಿ ಮರದ್ದು! ತೇನೆ, ಬರೀ ಜೇನು! ಒಂಬತ್ತಕ್ಕೆ ಒಂಬತ್ತು!"

ಸ್ಟೇಷನ್ನಿನ ಗೋಡೆಗೆ ತಾಗುವಂತೆ ನಕ್ಕರು. ಒಬ್ಬ ನೆಲಕ್ಕೇ ಕೂತು ನಕ್ಕ. ನಾನು ಟವೆಲ್ ಕಿತ್ತೆ. ವೆಂಕಿ ಒಬ್ಬ ನಗುತ್ತಿರಲಿಲ್ಲ. ಕೈಯಲ್ಲಿ ಉಳಿದ ತುಂಡು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

"ಅಣ್ಣ, ಇದು ಅತ್ತಿಕಾಯಿ ಕಣಣ್ಣ. ಕೆರೆ ಕಟ್ಟೆ ಮೇಗಳ ಕಾಡತ್ತಿ. ಮೇಕೆ ತಿಂತಾವಲ್ಲ, ಅದು. ತಮಾಷೆಗೆ ಇಕ್ಕಿದ್ದು. ನೀನು ಉಗೀತೀಯ ಅಂದ್ಕಂಡಿದ್ದೆ."

"ಗೊತ್ತು ಕಣ್ಲಾ," ಅಂದೆ. "ನಿಮ್ಮನ್ನ ನಗ್ಸೋಕೇ ಅಂದೆ."

ಯಾರೂ ನಂಬಲಿಲ್ಲ. ವೆಂಕಿ ನಂಬಿದ ಹಾಗೆ ಮಾಡಿದ. ಅದು ಇನ್ನೂ ಕಷ್ಟ. ಐವತ್ತು ರೂಪಾಯಿ ಬಾಜಿ. ಐವತ್ತು ಹೋಯಿತು.

ನಿನ್ನ ಎರಡನೇ ಕಾಗದ ಬಂದ ಮೇಲೆ ಎಂಟು ದಿನ ಸುಮ್ಮನಿದ್ದೆ. ನಾನು ಬರೆದ ಸುಳ್ಳು ನಾಳೆ ಪುಸ್ತಕಕ್ಕೆ ಏರಿದರೆ ನಿನ್ನ ಅತ್ತೆಯ ಮರ ಇನ್ಯಾವುದೋ ಮರದ ಹೆಸರಿನಲ್ಲಿ ಇರುತ್ತದೆ. ಆ ಮನೆಗೂ ಯಾರೂ ಇಲ್ಲ. ತಗಡು ಬಿದ್ದರೆ, ಯಾರಾದರೂ ಜಾಗ ಸ್ವಚ್ಛ ಮಾಡಿದರೆ, ಮರವೂ ಹೋಗುತ್ತದೆ. ಆಮೇಲೆ ಉಳಿಯುವುದು ನಿನ್ನ ದಾಖಲೆ ಒಂದೇ. ನನ್ನ ನಾಲಗೆ ಇಲ್ಲದಿದ್ದರೆ ಬೇರೆಯವರ ನಾಲಗೆ ತರಬೇಕು ಅನ್ನಿಸಿತು.

ನಿನ್ನ ಅತ್ತೆ ಈ ಹಣ್ಣನ್ನು ಮರದಿಂದ ಕಿತ್ತು ಹಾಗೇ ತಿನ್ನಲು ಯಾವತ್ತೂ ಬಿಟ್ಟವಳಲ್ಲ. ಸಂಜೆ ಕಿತ್ತು, ತೊಟ್ಟು ಕೆಳಗೆ ಮಾಡಿ ರಾಗಿಯೊಳಗೆ ಹೂಳಬೇಕು. ರಾಗಿ ಹಾಲನ್ನೆಲ್ಲ ಕುಡಿಯುತ್ತದೆ. ಬೆಳಗ್ಗೆ ತೆಗೆದು ಒರೆಸಿ ತಿಂದರೆ ಆಗ ಅದರ ನಿಜವಾದ ರುಚಿ. ಲೈನಿನಲ್ಲಿ ಅವರಮ್ಮ ಅಕ್ಕಿಯಲ್ಲಿ ಹೂಳುತ್ತಿದ್ದರಂತೆ. ಇವಳು ನಮ್ಮೂರಿಗೆ ಬಂದ ಮೇಲೆ ರಾಗಿಗೆ ಬದಲಾಯಿಸಿಕೊಂಡಳು. ಏಪ್ರಿಲ್‌ನಲ್ಲಿ ನನಗೆ ಅದೂ ನೆನಪಾಗಿರಲಿಲ್ಲ.

ಎರಡು ಸೇರು ರಾಗಿಯನ್ನು ನಿನ್ನ ಅತ್ತೆಯ ಒಂದು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ರೈಲು ಹತ್ತಿದೆ. ಮರದಲ್ಲಿ ಕೊನೆಯ ಹಣ್ಣುಗಳು, ಒಂಬತ್ತು ಸಿಕ್ಕವು. ಅಮ್ಮಾಜಮ್ಮನ ಮನೆಯಲ್ಲೇ ಹೂಳಿಟ್ಟು, ಅಲ್ಲೇ ಜಗಲಿಯ ಮೇಲೆ ಮಲಗಿದ್ದು, ಬೆಳಗ್ಗೆ ಅವರ ಮುಂದೆ ತಟ್ಟೆಯಲ್ಲಿಟ್ಟೆ.

"ನಂಗೆ ಸಕ್ಕರೆ ಕಾಯ್ಲೆ ಮಾಪ್ಳೆ. ನೀನೇ ದೊಡ್ಡ ನಾಲ್ಗೆಕಾರ. ನೀನ್ ತಿನ್ನು."

"ನನಗೆ ತಿಳಿಯಲ್ಲ ಅಕ್ಕ."

"ಅವತ್ತು ಮರದಡಿ ನಿಂತ್ಕಂಡು ಆಲು ಒರುಸ್ದೆ ತಿಂತಿದ್ದೆ. ಸುಡಲ್ವಾ ಇವನ್ಗೆ ಅಂದ್ಕಂಡೆ," ಅಂದು ಒಂದು ಹಣ್ಣು ಎತ್ತಿಕೊಂಡರು. "ಡಾಕ್ಟ್ರು ಬೈದ್ರೆ ನಿನ್ ಎಸ್ರು ಏಳ್ತೀನಿ."

ನಿಧಾನವಾಗಿ ಅಗಿದರು. ಹಲ್ಲು ಎಡಗಡೆ ಮಾತ್ರ ಇವೆ. ನಾನು ನಿನ್ನ ಹಾಳೆ, ಪೆನ್ನು ಹಿಡಿದು ಕೂತಿದ್ದೆ.

"ಇನಿಪ್ಪು," ಅಂದರು. ಸಿಹಿ ಅಂತ ಬರೆದುಕೊಂಡೆ. "ಇರು, ಬರೀಬ್ಯಾಡ. ನುಂಗಾನ." ನುಂಗಿದರು. ಆಮೇಲೆ ದವಡೆಯ ಮೂಲೆಗೆ ಬೆರಳಿಟ್ಟು ಒತ್ತಿ ತೋರಿಸಿದರು. "ಇಲ್ಲಿ. ಈಗ ಬಂತು ನೋಡು ಪುಳಿ. ಉಣ್ಸೆ ಚಿಗ್ರು ಇದ್ದಂಗೆ. ಸೆಲ್ವಿ ಏಳ್ತಿರ್ಲಿಲ್ವಾ? ನೀನೇ ಅಲ್ವಾ ಇಲ್ಲ ಇಲ್ಲ ಅಂತ ಅವಳನ್ನ ಕುಣುಸ್ತಿದ್ದೋನು?"

ನಾನೇ. ಮೂವತ್ತಮೂರು ವರ್ಷ. ಮದುವೆಯಾದ ವರ್ಷ ಮೊದಲ ಸಲ ಈ ಹಣ್ಣು ನನ್ನ ಬಾಯಿಗಿಟ್ಟು, "ಕೊನೇಲಿ ಹುಳಿ ಬತ್ತೈತಾ ಇಲ್ವಾ ಹೇಳಿ," ಅಂದಳು. ಬಂತು. ಚೆನ್ನಾಗಿಯೇ ಬಂತು. ನಾನು ಬೇಕೆಂದೇ, "ಇಲ್ವಲ್ಲ," ಅಂದೆ. ಅವಳಿಗೆ ಸಿಟ್ಟು ಬಂದು ಇನ್ನೊಂದು ತಿನ್ನಿಸಿದಳು. ಇಲ್ಲ ಅಂದೆ. ಇನ್ನೊಂದು. ಪ್ರತಿ ವರ್ಷ ಇದೇ ಆಟ. ಮಂಡಿಯಲ್ಲಿ ದೊಡ್ಡ ಹೆಸರು, ಮನೆಯ ಹಣ್ಣಿನ ಹುಳಿ ತಿಳಿಯಲ್ಲ, ಅಂತ ಲೈನಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಇದೆ ಅಂದುಬಿಟ್ಟರೆ ತಿನ್ನಿಸುವುದು ನಿಂತುಹೋಗುತ್ತದೆ ಅಂತ ನಾನು ಒಪ್ಪಿಕೊಳ್ಳಲೇ ಇಲ್ಲ. ಹೋದ ವರ್ಷ ಏಪ್ರಿಲ್‌ನಲ್ಲೂ ಒಪ್ಪಲಿಲ್ಲ. ನಿನಗೆ ಮೊದಲ ಕಾಗದದಲ್ಲಿ ಹುಳಿ ಇಲ್ಲ ಅಂತ ಬರೆದದ್ದೂ ಆ ಅಭ್ಯಾಸದಿಂದಲೇ. ಕೈ ತಾನಾಗಿ ಬರೆಯಿತು.

ಈಗ ನಿಮ್ಮ ಮೇಷ್ಟ್ರು ಕೇಳಿದ ಹಾಗೆ ಕೈಬರಹದಲ್ಲಿ ಬರೆಯುತ್ತಿದ್ದೇನೆ. ಈ ಸಾಲನ್ನು ತೋರಿಸು. ಮಾರಿಕುಪ್ಪಂ ಹಣ್ಣಿನಲ್ಲಿ ಹುಳಿ ಇದೆ. ಮೊದಲು ಸಿಹಿ, ನುಂಗಿದ ಮೇಲೆ ದವಡೆಯ ಮೂಲೆಯಲ್ಲಿ ಹುಣಸೆ ಚಿಗುರಿನ ಹುಳಿ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಸೆಲ್ವಿ ಹೇಳಿದ್ದು ಸರಿ. ಚಲಪತಿ ಹೇಳಿದ್ದು ಸುಳ್ಳು. ಸಾಕ್ಷಿ ಅಮ್ಮಾಜಮ್ಮ, ಅವರ ಹೆಬ್ಬೆಟ್ಟು ನಿನ್ನ ಹಾಳೆಯ ಕೆಳಗಿದೆ. ಒಂಬತ್ತಕ್ಕೆ ಎಷ್ಟು ಹಾಕಲಿ ಅಂತ ಕೇಳಿದೆ. "ಏಳು ಆಕು. ಒಂಬತ್ತು ಆಕಿದ್ರೆ ಮರಕ್ಕೂ ನಿನ್ನಂಗೆ ಜಂಬ ಬತ್ತೈತೆ," ಅಂದರು. ಏಳು ಹಾಕಿದ್ದೇನೆ.

ನಾನೂ ಒಂದು ತಿಂದೆ. ಬೀಜ ಹಲ್ಲಿಗೆ ಸಿಕ್ಕಿತು. ಅಷ್ಟೇ.

ಮಳೆ ಹಿಡಿದ ಮೇಲೆ ಬಂದು ಕಡ್ಡಿ ಕತ್ತರಿಸಿಕೊಂಡು ಹೋಗು, ಎಲ್ಲಿ ಕತ್ತರಿಸಬೇಕು ಅನ್ನುವುದು ನಿನಗೇ ಚೆನ್ನಾಗಿ ಗೊತ್ತು. ನಾನು ಒಂದನ್ನು ತಂದು ತಿಪ್ಪೆಯ ಪಕ್ಕ ನೆಟ್ಟಿದ್ದೇನೆ. ತರುವಾಗ ಊರುಗೋಲು ಮಾಡಿಕೊಂಡೇ ತಂದೆ. ಕುಂಟಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ಎರಡು ಮೊಗ್ಗು ಹಸಿರಾಗಿವೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಬಾಯಿಗೆ ಎಲ್ಲ ರುಚಿಯೂ ಕೊನೆಯವರೆಗೂ ತಿಳಿಯುತ್ತಿರಲಿ.

ನಿನ್ನ ಮಾವ,
ಚಲಪತಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ.

ಆ ಹಳದಿ ಬಟ್ಟೆಯ ವಿಷಯ. ನಿನ್ನ ಅತ್ತೆ ಹೋದ ಮೇಲೆ ರಾಗಿ ಡಬ್ಬಿಯ ತಳದಲ್ಲಿ ಅದು ಸಿಕ್ಕಿತ್ತು. ಅದರಲ್ಲಿ ನೋಟು ಕಟ್ಟಿಟ್ಟಿದ್ದಳು. ಒಳಗೆ ಒಂದು ಚೀಟಿ ಹೊಲಿದಿತ್ತು, ತಮಿಳಿನಲ್ಲಿ. ಅವಳಿಗೆ ಕನ್ನಡ ಬರೆಯಲು ಬಾರದು, ನನಗೆ ತಮಿಳು ಓದಲು ಬಾರದು. ಅವಳು ಇದ್ದಾಗ ಯಾವ ಚೀಟಿಯಾದರೂ ಅವಳೇ ಓದಿ ಹೇಳುತ್ತಿದ್ದಳು. ಡೈರಿಯ ಲೆಕ್ಕ ಇರಬೇಕು ಅಂದುಕೊಂಡು ಯಾರಿಗೂ ತೋರಿಸಲಿಲ್ಲ, ಗಂಟನ್ನು ಹಾಗೇ ಕೈಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ವೆಂಕಿಯ ಬಾಜಿಗೆ ನಾನು ಇಟ್ಟದ್ದು ಆ ಗಂಟು. ಅವನು ತನ್ನ ತಕ್ಕಡಿ, ಕೊಡೆ ಎರಡೂ ಇಟ್ಟ. ನನ್ನ ದುಡ್ಡು ಇಟ್ಟರೆ ನಾಲಗೆ ಏಳುವುದಿಲ್ಲ, ಅವಳ ದುಡ್ಡು ಇಟ್ಟರೆ ಹೆದರಿಯಾದರೂ ಎದ್ದೀತು ಅಂತ ನನ್ನ ಲೆಕ್ಕ. ಎಣಿಸಲೂ ಇಲ್ಲ. ಮಾರನೆಯ ದಿನ ವೆಂಕಿ ಬಸ್ಸಿನಲ್ಲಿ ಮನೆಗೇ ಬಂದು, "ಎಣಿಸ್ದೆ ಕಣಣ್ಣ, ನಂಗೆ ನಿದ್ದೆ ಬರ್ಲಿಲ್ಲ, ಈಸ್ಕೋ," ಅಂತ, ಎಷ್ಟಿದೆ ಎಂದೂ ಹೇಳಿ, ಗಂಟು ಚಾಚಿದ. ಸೋತ ದುಡ್ಡು ಮುಟ್ಟುವ ವಂಶ ನಮ್ಮದಲ್ಲ ಅಂದೆ. ಬಟ್ಟೆ ಮಾತ್ರ ಬಿಚ್ಚಿ ಇಟ್ಟುಕೊಂಡೆ. ಮೂರು ಸಲ ಕೇಳಿದ. ಮೂರು ಸಲವೂ ಎದೆ ಉಬ್ಬಿಸಿ ಕಳಿಸಿದೆ. ಅದರಲ್ಲಿ ಅವನು ಹೊಸ ಗಾಡಿ ಮಾಡಿಸಿಕೊಂಡ. ಅವನ ತಪ್ಪು ಏನೂ ಇಲ್ಲ, ಅವನನ್ನು ಕೇಳಬೇಡ.

ಮಾರಿಕುಪ್ಪಂನಲ್ಲಿ ರಾಗಿ ಸುರಿದು ಬಟ್ಟೆ ಕೊಡವುವಾಗ ಅಮ್ಮಾಜಮ್ಮನ ಕಣ್ಣಿಗೆ ಚೀಟಿ ಬಿತ್ತು. ಅವರೂ ಓದಿದವರಲ್ಲ, ಸೊಸೆಯನ್ನು ಕೂಗಿ ಓದಿಸಿದರು. "ಲಿಖಿತಾವುಕ್ಕು. ಕಾಲೇಜ್ ಮುಡಿಚ್ಚದುಮ್ ಕಮ್ಮಲ್" ಅಂತ ಇದೆಯಂತೆ. ಲಿಖಿತಳಿಗೆ, ಕಾಲೇಜು ಮುಗಿದ ಕೂಡಲೇ ಕಿವಿಯೋಲೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಶುರು ಮಾಡಿದ್ದಂತೆ, ಡೈರಿಯ ಪ್ರತಿ ಬಟವಾಡೆಗೆ ಇಪ್ಪತ್ತು ರೂಪಾಯಿ. ಅಮ್ಮಾಜಮ್ಮನಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ.

ಐವತ್ತು ರೂಪಾಯಿ ಅಲ್ಲ ಮಗಳೇ. ಒಂಬತ್ತು ಸಾವಿರದ ಆರುನೂರ ನಲವತ್ತು.